ಹೊಟ್ಟೆಯ ಸಂಕಟವನ್ನು ಕನ್ನಡದಲ್ಲಿ ಕೇಳುವ ಬಗೆ

ವಾಶಿಯ ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಒಂದಲ್ಲ ಒಂದು ದಿನ ದುಭಾಷಿಯ ಕೆಲಸ ಮಾಡದವರು ವಿರಳ. ಊರಿನಿಂದ ಚಿಕ್ಕಮ್ಮನೋ ಸೋದರತ್ತೆಯೋ ಔಷಧೋಪಚಾರಕ್ಕೆಂದು ಬರುತ್ತಾರೆ. ಅರ್ಧ ದಿನದ ರಜೆ ಬರೆದುಕೊಟ್ಟು, ಹಾರ್ಬರ್ ಲೈನಿನ ಗಾಡಿಯಲ್ಲಿ ಕುರ್ಲಾದವರೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಸಯನ್ನಿನ ಅಥವಾ ಪರೇಲಿನ ದೊಡ್ಡ ಆಸ್ಪತ್ರೆಗೆ ಅವರನ್ನು ಕರೆದೊಯ್ಯುತ್ತೇವೆ. ಡಾಕ್ಟರರು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ನಾವು ಅದನ್ನು ಕನ್ನಡಕ್ಕೆ ತಿರುಗಿಸುತ್ತೇವೆ. ಚಿಕ್ಕಮ್ಮ ಹೇಳಿದ್ದನ್ನು ಮತ್ತೆ ಹಿಂದಿಗೆ ತಿರುಗಿಸುತ್ತೇವೆ. ಜ್ವರ, ಕೆಮ್ಮು, ಕಾಲುನೋವುಗಳ ವಿಷಯವಾದರೆ ಈ ವ್ಯವಹಾರ ಸಲೀಸಾಗಿ ಸಾಗುತ್ತದೆ. ಹೊಟ್ಟೆಯ ವಿಷಯ, ಅದರಲ್ಲಿಯೂ ಮಲವಿಸರ್ಜನೆಯ ವಿಷಯ ಬಂತೆಂದರೆ ಮಾತು ನಿಂತುಬಿಡುತ್ತದೆ. ಕೇಳುವ ಹುಡುಗನಿಗೂ ಸಂಕೋಚ, ಹೇಳುವ ಹೆಂಗಸಿಗೂ ಸಂಕೋಚ. “ಹೊಟ್ಟಿ ಆರಾಮ ಐತಿ ಅಂತ ಹೇಳಪಾ” ಎಂದು ಆಕೆ ಮುಖ ತಿರುಗಿಸುತ್ತಾಳೆ. ಡಾಕ್ಟರರ ಕಾಗದದಲ್ಲಿ ಹೊಟ್ಟೆಯ ತೊಂದರೆ ಇಲ್ಲವೆಂದು ದಾಖಲಾಗುತ್ತದೆ.

ಈ ಸಂಕೋಚದಿಂದ ಆಗುವ ನಷ್ಟ ಎಂತಹುದು, ಅದಕ್ಕೆ ವೈದ್ಯಶಾಸ್ತ್ರ ಕಂಡುಕೊಂಡಿರುವ ಉಪಾಯವೇನು ಎಂಬುದನ್ನು ತಿಳಿಯಲು ಒಂದು ರೋಗವನ್ನೂ ಅದರ ಸಲುವಾಗಿ ರಚಿತವಾದ ಒಂದು ಪ್ರಶ್ನಾವಳಿಯನ್ನೂ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಪ್ರಶ್ನಾವಳಿ ಹುಟ್ಟಿದ್ದು ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ. ಅಂಥದೊಂದನ್ನು ನಮ್ಮ ಜನ ಉತ್ತರಿಸಬಲ್ಲ ಕನ್ನಡಕ್ಕೆ ತರಬೇಕಾದರೆ ಏನೇನು ಆಗಬೇಕು ಎಂಬುದೇ ಈ ಲೇಖನದ ವಿಷಯ.

ಚರ್ಮದಿಂದ ಕರುಳಿನವರೆಗೆ

ರೋಗದ ಹೆಸರು ಸ್ಕ್ಲೀರೋಡರ್ಮಾ. ಗ್ರೀಕ್ ಭಾಷೆಯಲ್ಲಿ ‘ಸ್ಕ್ಲೀರೋಸ್’ ಎಂದರೆ ಗಡುಸು, ‘ಡರ್ಮಾ’ ಎಂದರೆ ಚರ್ಮ. ಹೆಸರೇ ಹೇಳುವಂತೆ ಚರ್ಮ ಬಿಗಿದು ಗಡುಸಾಗುವುದು ಈ ರೋಗದ ಎದ್ದುಕಾಣುವ ಲಕ್ಷಣ. ಅನೇಕರಲ್ಲಿ ಮೊದಲು ಕಾಣಿಸಿಕೊಳ್ಳುವುದು ಬೆರಳುಗಳ ತೊಂದರೆ. ತಣ್ಣೀರು ತಾಕಿದರೆ ಸಾಕು, ಬೆರಳುಗಳು ಬಿಳಿಚಿಕೊಂಡು, ನೀಲಿಗಟ್ಟಿ, ಆಮೇಲೆ ಕೆಂಪಾಗುತ್ತವೆ. ಇದನ್ನು 1862ರಲ್ಲಿ ಫ್ರಾನ್ಸಿನ ಮೋರಿಸ್ ರೇನೋ ಎಂಬ ವೈದ್ಯ ವರ್ಣಿಸಿದನಾದ್ದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಬೆರಳು ಬಿಳಿಚಿದವರಿಗೆಲ್ಲ ಸ್ಕ್ಲೀರೋಡರ್ಮಾ ಇದೆಯೆಂದು ಭಾವಿಸಬಾರದು. ಆದರೆ ಸ್ಕ್ಲೀರೋಡರ್ಮಾ ಇರುವವರಲ್ಲಿ ಬಹುಪಾಲು ಜನರಿಗೆ ಈ ಲಕ್ಷಣ ಇದ್ದೇ ಇರುತ್ತದೆ. ಕ್ರಮೇಣ ಬೆರಳು, ಕೈ, ಮುಖಗಳ ಚರ್ಮ ಬಿಗಿಯುತ್ತದೆ. ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದು. ಮುಷ್ಟಿ ಕಟ್ಟುವುದು ಕಷ್ಟವಾಗುತ್ತದೆ.

ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ದೇಹದ ಮೇಲೆ ತಿರುಗಿಬೀಳುವುದು ಇಲ್ಲಿಯ ಮೂಲ ದೋಷ. ಅದರಿಂದ ಸಣ್ಣ ರಕ್ತನಾಳಗಳು ಕೆಡುತ್ತವೆ. ಗಾಯ ಮಾಯುವಾಗ ಹುಟ್ಟುವಂಥ ನಾರು ಬೇಡವಾದ ಕಡೆಯಲ್ಲೆಲ್ಲ ಬೆಳೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಇದು ಅಂಟುರೋಗವಲ್ಲ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕೈ ಮುರುಟಿ, ಚರ್ಮದ ಬಣ್ಣ ಬದಲಾದುದನ್ನು ಕಂಡು ನೆರೆಹೊರೆಯವರು ಬೇರೆ ಏನನ್ನೋ ಊಹಿಸಿ ದೂರ ಸರಿಯುವುದುಂಟು. ಆ ಭಯಕ್ಕೆ ಆಧಾರವಿಲ್ಲ.

ದುಡಿಯುವ ನಮ್ಮ ಬಾಂಧವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೂ ಇದೆ. ಕಲ್ಲುಕುಟಿಗರಲ್ಲಿ ಈ ರೋಗ ಕಾಣಿಸಿಕೊಂಡುದನ್ನು ಎಡಿನ್‌ಬರೋ ನಗರದ ಬೈರಮ್ ಬ್ರಾಮ್‌ವೆಲ್ ಎಂಬ ವೈದ್ಯರು 1914ರಲ್ಲಿಯೇ ಗುರುತಿಸಿದ್ದರು. 1957ರಲ್ಲಿ ಎರಾಸ್ಮಸ್ ಎಂಬವರು ದಕ್ಷಿಣ ಆಫ್ರಿಕದ ಚಿನ್ನದ ಗಣಿಯ ಕೆಲಸಗಾರರಲ್ಲಿ ಇದೇ ಸಂಬಂಧವನ್ನು ಕಂಡರು. ಕಲ್ಲಿನ ನುಣ್ಣನೆಯ ಧೂಳು, ಅಂದರೆ ಸಿಲಿಕಾ, ಶ್ವಾಸಕೋಶವನ್ನು ಕೆಡಿಸುವುದಲ್ಲದೆ ಈ ರೋಗದ ಅಪಾಯವನ್ನೂ ಹೆಚ್ಚಿಸುತ್ತದೆ ಎಂಬುದು ಈಗ ಒಪ್ಪಿತವಾದ ವಿಷಯ. ಕಲ್ಲುಗಣಿಯಲ್ಲಿ, ಜಲ್ಲಿ ಒಡೆಯುವ ಯಂತ್ರದ ಬಳಿ, ಕಲ್ಲು ಕೊರೆಯುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರು ಡಾಕ್ಟರರ ಬಳಿಗೆ ಹೋದಾಗ ತಮ್ಮ ಕೆಲಸ ಯಾವುದೆಂಬುದನ್ನು ತಪ್ಪದೆ ಹೇಳಬೇಕು.

ಇಷ್ಟೂ ಹೊರಗೆ ಕಾಣುವ ರೋಗ. ಒಳಗೆ ನಡೆಯುವುದು ಬೇರೆಯೇ ಇದೆ. ಈ ರೋಗವಿರುವ ನೂರರಲ್ಲಿ ಸುಮಾರು 90 ಮಂದಿಗೆ ಅನ್ನಮಾರ್ಗದಲ್ಲಿ ಒಂದಲ್ಲ ಒಂದು ತೊಂದರೆ ಇರುತ್ತದೆ. ಅನ್ನನಾಳದಿಂದ ಗುದದವರೆಗೆ ಆಹಾರವನ್ನು ಮುಂದಕ್ಕೆ ತಳ್ಳುವುದು ಆ ನಾಳದ ಗೋಡೆಯಲ್ಲಿರುವ ಸ್ನಾಯು. ಆ ಸ್ನಾಯು ಬಲಗುಂದಿ ಅದರ ಜಾಗದಲ್ಲಿ ನಾರು ಬೆಳೆದರೆ ಅನ್ನನಾಳದಲ್ಲಿ ತುತ್ತು ಇಳಿಯದೆ ನಿಲ್ಲುತ್ತದೆ. ಅನ್ನನಾಳದ ಕೆಳಗಿನ ಬಾಗಿಲು ಸಡಿಲವಾಗಿ ಜಠರದ ಹುಳಿ ಮೇಲಕ್ಕೇರುತ್ತದೆ. ಸಣ್ಣ ಕರುಳಿನಲ್ಲಿ ಆಹಾರ ನಿಂತ ನೀರಿನಂತಾಗಿ, ಅಲ್ಲಿ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದು, ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ದೊಡ್ಡ ಕರುಳು ಸೋತರೆ ಮಲಬದ್ಧತೆ. ಗುದದ ಬಿಗಿ ಸಡಿಲಿದರೆ ಅರಿವಿಲ್ಲದೆ ಬಟ್ಟೆ ಕೊಳೆಯಾಗುತ್ತದೆ.

ಕಡೆಯದನ್ನು ಯಾರು ಯಾರಿಗೆ ಹೇಳಿಕೊಳ್ಳುತ್ತಾರೆ? ಹೇಳಿಕೊಳ್ಳದವರು ಮದುವೆಗೆ ಹೋಗುವುದನ್ನು ಬಿಡುತ್ತಾರೆ, ಊಟವನ್ನು ಕಡಿಮೆ ಮಾಡುತ್ತಾರೆ, ಕೆಲಸವನ್ನೂ ಬಿಡುತ್ತಾರೆ. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯುತ್ತಾರೆ. ಆದರೆ ಇವುಗಳಲ್ಲಿ ಹೆಚ್ಚಿನ ತೊಂದರೆಗಳನ್ನು ಔಷಧದಿಂದಲೂ ಆಹಾರಕ್ರಮದಿಂದಲೂ ತಗ್ಗಿಸಲು ಸಾಧ್ಯವಿದೆ. ಹುಳಿಯನ್ನು ತಡೆಯುವ ಮಾತ್ರೆಗಳಿವೆ, ಕರುಳಿನ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುವ ಔಷಧಗಳಿವೆ. ಡಾಕ್ಟರರಿಗೆ ಗೊತ್ತಾದರೆ ತಾನೇ ಕೊಡುವುದು?

34 ಪ್ರಶ್ನೆಗಳು

ದುರ್ಬೀನು ಇಳಿಸಿ ಜಠರವನ್ನು ನೋಡಬಹುದು; ಕ್ಷಕಿರಣದಲ್ಲಿ ಕರುಳಿನ ಚಿತ್ರ ತೆಗೆಯಬಹುದು. ಆದರೆ ವಾರದಲ್ಲಿ ಎಷ್ಟು ರಾತ್ರಿ ನಿದ್ರೆ ಕೆಟ್ಟಿತು, ಎಷ್ಟು ಸಲ ಪ್ರಯಾಣ ತಪ್ಪಿಸಬೇಕಾಯಿತು ಎಂಬುದು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಅದನ್ನು ರೋಗಿಯೇ ಹೇಳಬೇಕು. ಹೇಳಿದ್ದನ್ನು ಅಳೆಯಬೇಕು. ಇಂದು ಹೇಳಿದ್ದಕ್ಕೂ ಆರು ತಿಂಗಳ ಔಷಧದ ನಂತರ ಹೇಳಿದ್ದಕ್ಕೂ ಹೋಲಿಕೆ ನೋಡಬೇಕು. ಈ ಉದ್ದೇಶಕ್ಕಾಗಿ ಅಮೆರಿಕದ ಡಾ. ದಿನೇಶ್ ಖನ್ನಾ ಮತ್ತು ಅವರ ಸಂಗಡಿಗರು ಮೊದಲು 52 ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದರು. ಅದನ್ನು ತಿದ್ದಿ, ಸೋಸಿ, 34 ಪ್ರಶ್ನೆಗಳ ಹೊಸ ರೂಪವನ್ನು 2009ರಲ್ಲಿ ಪ್ರಕಟಿಸಿದರು. ಮುಂದೆ ಇದು ಫ್ರೆಂಚ್, ಇಟಾಲಿಯನ್, ಡಚ್ ಮುಂತಾದ ಭಾಷೆಗಳಿಗೂ ಹೋಯಿತು.

ಈ 34 ಪ್ರಶ್ನೆಗಳಲ್ಲಿ ಏಳು ಗುಂಪುಗಳಿವೆ. ಹುಳಿ ಮೇಲಕ್ಕೇರುವುದರ ಬಗ್ಗೆ 8, ಹೊಟ್ಟೆ ಉಬ್ಬರದ ಬಗ್ಗೆ 4, ಬಟ್ಟೆ ಕೊಳೆಯಾಗುವುದರ ಬಗ್ಗೆ 1, ಭೇದಿಯ ಬಗ್ಗೆ 2, ಹೋಗಿಬರುವ ಬಳಕೆಯ ಬಗ್ಗೆ 6, ಮನಸ್ಸಿನ ನೆಮ್ಮದಿಯ ಬಗ್ಗೆ 9, ಮಲಬದ್ಧತೆಯ ಬಗ್ಗೆ 4. ಬಹುತೇಕ ಪ್ರಶ್ನೆಗಳು ಕಳೆದ ಏಳು ದಿನಗಳಲ್ಲಿ ಈ ತೊಂದರೆ ಎಷ್ಟು ದಿನ ಆಯಿತು ಎಂದು ಕೇಳುತ್ತವೆ. ಒಂದು ದಿನವೂ ಇಲ್ಲವಾದರೆ ಸೊನ್ನೆ, ಒಂದೆರಡು ದಿನವಾದರೆ 1, ಮೂರು ನಾಲ್ಕು ದಿನವಾದರೆ 2, ಐದರಿಂದ ಏಳು ದಿನವಾದರೆ 3 ಅಂಕ. ಮಲಬದ್ಧತೆಯನ್ನು ಬಿಟ್ಟು ಉಳಿದ ಆರು ಗುಂಪುಗಳ ಸರಾಸರಿ ತೆಗೆದರೆ ಒಟ್ಟು ಅಂಕ ಬರುತ್ತದೆ. ಭೇದಿಯ ಗುಂಪಿಗೆ ಹೆಚ್ಚೆಂದರೆ 2 ಅಂಕವಾದ್ದರಿಂದ ಒಟ್ಟು ಅಂಕ ಅತಿ ಹೆಚ್ಚೆಂದರೆ 2.83. ಅಂಕ ಏರಿದಷ್ಟೂ ಕಷ್ಟ ಹೆಚ್ಚು. ಗುಮಾಸ್ತೆಯ ಕೆಲಸ ಮಾಡುವ ನಮ್ಮವರಿಗೆ ಇದರ ಲೆಕ್ಕ ಕಷ್ಟವಲ್ಲ. ಕಷ್ಟವಿರುವುದು ಪ್ರಶ್ನೆಯ ಮಾತಿನಲ್ಲಿ.

ನಿಘಂಟಿನಲ್ಲಿ ಸಿಗದ ಉತ್ತರ

ಇಂಗ್ಲಿಷ್ ಬಲ್ಲ ಒಬ್ಬ ಪದವೀಧರ ನಿಘಂಟನ್ನು ಮುಂದಿಟ್ಟುಕೊಂಡು ಒಂದು ಸಂಜೆಯಲ್ಲಿ ಈ 34 ಪ್ರಶ್ನೆಗಳನ್ನೂ ಕನ್ನಡಿಸಿಬಿಡಬಹುದು. ಅದು ಅಚ್ಚಾದರೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ರೋಗಿಯ ಕೈಗೆ ಹೋದಾಗ ಏನಾಗುತ್ತದೆ?

ಹೊಟ್ಟೆ ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಭಾಷೆಯಲ್ಲಿ ಹೊಟ್ಟೆಗೆ ಅನ್ನ ಜೀರ್ಣಿಸುವುದಕ್ಕಿಂತ ಹೆಚ್ಚಿನ ಕೆಲಸಗಳಿವೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಪರರ ಏಳಿಗೆ ಕಂಡು ಹೊಟ್ಟೆಕಿಚ್ಚು ಪಡುತ್ತೇವೆ. ಮಕ್ಕಳ ಅವಸ್ಥೆ ನೋಡಿ ಹೊಟ್ಟೆ ಉರಿಯುತ್ತದೆ ಎನ್ನುತ್ತೇವೆ. “ಕಳೆದ ವಾರ ನಿಮಗೆ ಎಷ್ಟು ದಿನ ಹೊಟ್ಟೆ ಉರಿಯಿತು?” ಎಂದು ಮುದುಕಿಯೊಬ್ಬಳನ್ನು ಕೇಳಿದರೆ ಆಕೆ ಸೊಸೆಯ ಕಥೆ ಹೇಳಿಯಾಳು. ‘ಎದೆ ಉರಿ’ ಎಂದರೆ ಅರ್ಥ ಸರಿಯಾದ ಜಾಗದಲ್ಲಿ ಕೂರುತ್ತದೆ. ಆದರೆ ಮುಂಬಯಿಯಲ್ಲಿ ಹಲವು ವರ್ಷ ಕಳೆದ ನಮ್ಮವರು ಅದನ್ನೇ ‘ಪಿತ್ತ’ ಎಂದೋ ‘ಆಸಿಡಿಟಿ’ ಎಂದೋ ಹೇಳುತ್ತಾರೆ. ಪಿತ್ತವೆಂದರೆ ಕೆಲವರಿಗೆ ತಲೆಸುತ್ತೂ ಹೌದು, ವಾಂತಿಯೂ ಹೌದು.

ಭೇದಿಯೂ ಹಾಗೆಯೇ. ಅನೇಕರ ಮನಸ್ಸಿನಲ್ಲಿ ಅದು ವಾಂತಿಭೇದಿಯ ಜೊತೆಗಾರ. ಒಮ್ಮೆಲೇ ಬಂದು ಮನುಷ್ಯನನ್ನು ಕೆಡಹುವ ಕಾಯಿಲೆ. ತಿಂಗಳುಗಟ್ಟಲೆ ದಿನಕ್ಕೆ ನಾಲ್ಕು ಸಲ ನೀರಾಗಿ ಹೋಗುತ್ತಿರುವ ಹೆಂಗಸು “ಭೇದಿ ಇದೆಯೇ?” ಎಂದರೆ ಇಲ್ಲವೆಂದೇ ಹೇಳಬಹುದು. ಆಕೆಯ ಪಾಲಿಗೆ ಅದು ಸುಳ್ಳೂ ಅಲ್ಲ. “ಎಷ್ಟು ಸಲ ತೆಳ್ಳಗೆ, ನೀರಿನ ಹಾಗೆ ಆಯಿತು?” ಎಂದು ಕೇಳಿದರೆ ಉತ್ತರ ಬರುತ್ತದೆ. ಇನ್ನು ಆ ಕ್ರಿಯೆಗೆ ಮರ್ಯಾದೆಯ ಹೆಸರು ಯಾವುದು? ವಿಜಯಪುರದ ಕಡೆಯವರು ‘ಬೈಲಕಡಿ’ ಎನ್ನುತ್ತಾರೆ, ಇಲ್ಲಿಗೆ ಬಂದ ಮೇಲೆ ‘ಸಂಡಾಸ’ ಎನ್ನುತ್ತಾರೆ. ಮಂಗಳೂರು, ಉಡುಪಿಯ ಕಡೆಯವರು ‘ಪಾಯಿಖಾನೆ’ ಎಂದಾರು. ಮೈಸೂರಿನ ಕಡೆಯವರು ‘ಕಕ್ಕಸು’ ಎಂದಾರು. ನಯವಾಗಿ ‘ಹೊರಗೆ ಹೋಗುವುದು’ ಎಂದು ಬರೆಯೋಣವೆಂದರೆ, ‘ಹೊರಗಾಗುವುದು’ ಹೆಂಗಸರ ಮಾತಿನಲ್ಲಿ ಮುಟ್ಟಿಗೆ ಸಲ್ಲುತ್ತದೆ. ಒಂದೇ ಅಕ್ಷರಮಾಲೆಯನ್ನು ಓದುವ ನಮ್ಮೊಳಗೇ ಇಷ್ಟು ಭೇದ. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಕಲಿತವರ ಪಾಡು ಇನ್ನೂ ಬೇರೆ.

ಹೊಟ್ಟೆ ಉಬ್ಬರದ ಪ್ರಶ್ನೆಗಳಲ್ಲಿ ಒಂದು, ಉಬ್ಬರದಿಂದಾಗಿ ಸೊಂಟದ ಬೆಲ್ಟನ್ನೋ ಪ್ಯಾಂಟಿನ ಗುಂಡಿಯನ್ನೋ ಸಡಿಲಿಸಬೇಕಾಯಿತೇ ಎಂಬರ್ಥದ್ದು. ಸೀರೆ ಉಡುವ ಹೆಂಗಸು ಬೆಲ್ಟು ಕಟ್ಟುವುದಿಲ್ಲ, ಆದುದರಿಂದ ‘ಇಲ್ಲ’ ಎನ್ನುತ್ತಾಳೆ. ಲಂಗದ ಲಾಡಿಯನ್ನು ಮಾತ್ರ ದಿನಕ್ಕೆರಡು ಸಲ ಸಡಿಲಿಸಿಕೊಳ್ಳುತ್ತಿರುತ್ತಾಳೆ. ಇನ್ನೊಂದು ಪ್ರಶ್ನೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಮಲಗುವ ಬಗ್ಗೆ. ಆ ಅಕ್ಷರವನ್ನೇ ಅರಿಯದವರಿಗೆ ಅದು ಒಗಟು, “ಬೆನ್ನಿಗೆ ದಿಂಬುಗಳನ್ನು ಒತ್ತರಿಸಿಕೊಂಡು ಅರ್ಧ ಕುಳಿತಂತೆ ಮಲಗಬೇಕಾಯಿತೇ?” ಎಂದರೆ ತಿಳಿಯುತ್ತದೆ. ಹುಳಿ ಪದಾರ್ಥಗಳಿಗೆ ಟೊಮೆಟೊ, ಕಿತ್ತಳೆ ಹಣ್ಣುಗಳ ಉದಾಹರಣೆ ಇದೆ. ನಮ್ಮ ನಿತ್ಯದ ಹುಳಿ ಹುಣಸೆಯದು, ಅದನ್ನು ಸೇರಿಸಬಹುದು. ಹಾಗೆಂದು ‘ಮೆಣಸಿನಕಾಯಿ’ ಎಂದೂ ಸೇರಿಸಿದರೆ ಪ್ರಶ್ನೆಯೇ ಬದಲಾಗುತ್ತದೆ. ಖಾರ ಬೇರೆ, ಹುಳಿ ಬೇರೆ. ಎಷ್ಟು ಬದಲಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ಈ ಕೆಲಸದ ಮರ್ಮ.

‘ಸಾಮಾಜಿಕ ಚಟುವಟಿಕೆ’ ಎಂದು ಅಚ್ಚುಕಟ್ಟಾಗಿ ಬರೆದರೆ ಓದುಗ ಅದನ್ನು ಸಮಾಜಸೇವೆ ಎಂದು ತಿಳಿದು “ನಾನು ಅದರಲ್ಲಿಲ್ಲ” ಎಂದಾನು. ಮದುವೆ, ನಾಮಕರಣ, ನೆಂಟರ ಮನೆ, ಭಜನೆ, ಸಂಘದ ಸಭೆ ಎಂದು ಬಿಡಿಸಿ ಹೇಳಬೇಕು. ‘ಬೇಜಾರು’ ಎಂಬುದು ಕೆಲಸವಿಲ್ಲದ ಮಧ್ಯಾಹ್ನಕ್ಕೂ ಸಲ್ಲುತ್ತದೆ, ಬದುಕೇ ಸಾಕೆನಿಸುವ ದುಃಖಕ್ಕೂ ಸಲ್ಲುತ್ತದೆ. ‘ಕಳೆದ ವಾರ’ ಎಂದರೆ ಕೆಲವರು ಹಿಂದಿನ ಭಾನುವಾರದಿಂದ ಶನಿವಾರದವರೆಗೆ ಎಣಿಸುತ್ತಾರೆ. ‘ಇಂದಿಗೆ ಹಿಂದಿನ ಏಳು ದಿನ’ ಎನ್ನಬೇಕು. ನಿಷೇಧದಲ್ಲಿ ಕೇಳಿದ ಪ್ರಶ್ನೆಯಂತೂ ಅಪಾಯ. “ಊಟ ಸೇರುವುದಿಲ್ಲವೇ?” ಎಂದರೆ “ಹೌದು” ಎನ್ನುತ್ತೇವೆ; ಸೇರುವುದಿಲ್ಲವೆಂಬುದೇ ಅದರ ಅರ್ಥ. ಇಂಗ್ಲಿಷಿನ ಕ್ರಮದಲ್ಲಿ ಅಂಕ ಹಾಕುವವನು ಅದನ್ನು ತಿರುವುಮುರುವು ಮಾಡಿಯಾನು.

ಶೌಚಾಲಯ ಸಿಗದಿದ್ದರೆ ಏನು ಗತಿ ಎಂಬ ಅಂಜಿಕೆಯನ್ನು ಕುರಿತೂ ಒಂದು ಪ್ರಶ್ನೆಯಿದೆ. ಇದನ್ನು ಯಾವ ವಿವರಣೆಯೂ ಇಲ್ಲದೆ ನಮ್ಮವರು ಅರ್ಥ ಮಾಡಿಕೊಳ್ಳುತ್ತಾರೆ. ಲೋಕಲ್ ಗಾಡಿಯ ಡಬ್ಬಿಗಳಲ್ಲಿ ಶೌಚದ ವ್ಯವಸ್ಥೆಯಿಲ್ಲ. ಆದರೆ ಇಲ್ಲಿಯೂ ಒಂದು ತೊಡಕಿದೆ. ಆರೋಗ್ಯವಂತನಿಗೂ ಇರುವ ಆ ಅಂಜಿಕೆಯನ್ನು ರೋಗದ ಅಂಜಿಕೆಯಿಂದ ಬೇರ್ಪಡಿಸಿ ಕೇಳಬೇಕು. ಇಲ್ಲವಾದರೆ ಅಂಕ ಅಳೆಯುವುದು ಕರುಳನ್ನಲ್ಲ, ರೈಲನ್ನು.

ಹಿಂದೆ ನಡೆದ ಎರಡು ಕೆಲಸಗಳು

ಬೇರೆ ದೇಶದಲ್ಲಿ ಹುಟ್ಟಿದ ಪ್ರಶ್ನೆಗಳನ್ನು ನಮ್ಮ ಜನಕ್ಕೆ ಒಗ್ಗಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಕೀಲುವಾತದ ರೋಗಿಗಳ ಅಶಕ್ತತೆಯನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1980ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದ್ದರು. ಸ್ನಾನದ ತೊಟ್ಟಿಗೆ ಇಳಿದು ಏರಬಲ್ಲಿರಾ, ತಟ್ಟೆಯ ಮಾಂಸವನ್ನು ಕತ್ತರಿಸಬಲ್ಲಿರಾ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಬಕೀಟಿನ ನೀರಿನಲ್ಲಿ ಮೀಯುವ, ಕೈಯಲ್ಲಿ ಉಣ್ಣುವ ನಮಗೆ ಅದರಿಂದೇನು ತಿಳಿಯಬೇಕು? ದೆಹಲಿಯ ಡಾ. ಅಶೋಕ್ ಕುಮಾರ್, ಡಾ. ಎ. ಎನ್. ಮಾಳವೀಯ ಮೊದಲಾದವರು 2002ರಲ್ಲಿ ಇದರ ಭಾರತೀಯ ರೂಪವನ್ನು ಪ್ರಕಟಿಸಿದರು. ಅದರಲ್ಲಿ 12 ಪ್ರಶ್ನೆಗಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವುದು, ಶೌಚಕ್ಕೆ ಕುಕ್ಕುರುಗಾಲಿನಲ್ಲಿ ಕೂರುವುದು, ಸೀರೆ ಧೋತರಗಳನ್ನು ಉಡುವುದು, ಆಟೋರಿಕ್ಷಾ ಹತ್ತಿ ಇಳಿಯುವುದು, ತರಕಾರಿ ಮಾರುಕಟ್ಟೆಗೆ ಹೋಗಿ ಕೊಂಡು ತರುವುದು ಇವೆಲ್ಲ ಅದರಲ್ಲಿ ಬಂದವು. ವಾಶಿಯ ಮಾರುಕಟ್ಟೆಯ ನೆರಳಿನಲ್ಲಿ ಬದುಕುವ ನಮಗೆ ಇಂಥ ಪ್ರಶ್ನೆ ಕೇಳಿದರೆ ಯೋಚಿಸದೆ ಉತ್ತರ ಹೇಳಬಲ್ಲೆವು.

ಕನ್ನಡನಾಡಿನಲ್ಲಿಯೇ ಇದಕ್ಕಿಂತ ಹಳೆಯ ಉದಾಹರಣೆ ಕೋಟದ್ದು. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಎಷ್ಟೋ ಬಾಂಧವರ ಸೀಮೆಯ ಊರು ಅದು. ಇಂದಿನ ಉಡುಪಿ ಜಿಲ್ಲೆಯಲ್ಲಿದೆ. ಮನೋರೋಗತಜ್ಞರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಆರ್. ಎಲ್. ಕಪೂರ್ ಇವರಿಬ್ಬರೂ ಕೋಟದ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಮನಸ್ಸಿನ ಕಷ್ಟಗಳ ವಿಚಾರಣೆ ನಡೆಸಿ, 1976ರಲ್ಲಿ ಆ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. ಪಶ್ಚಿಮದ ಪ್ರಶ್ನೆಗಳನ್ನು ಇದ್ದ ಹಾಗೆಯೇ ಇಳಿಸದೆ, ಭಾರತೀಯ ರೋಗಿಗಳು ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಪ್ರಶ್ನಕ್ರಮವನ್ನು ಅದಕ್ಕಾಗಿ ರೂಪಿಸಲಾಯಿತು. ನಮ್ಮ ಜನ ಮನಸ್ಸಿನ ನೋವನ್ನು ಮೈಯ ನೋವಾಗಿ ಹೇಳುತ್ತಾರೆ ಎಂಬುದನ್ನು ಅಂಥ ವಿಚಾರಣೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗಿತ್ತು.

ಹೋಗಿ ಬರುವ ಭಾಷಾಂತರ

ಹಾಗಾದರೆ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವ ಕ್ರಮ ಯಾವುದು? ಕೆನಡಾದ ಡಾರ್ಕಸ್ ಬೀಟನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಅನೇಕರು ಅನುಸರಿಸುತ್ತಾರೆ. ಮೂಲಕರ್ತೃಗಳ ಅನುಮತಿ ಪಡೆದ ನಂತರ ಇಬ್ಬರು ಬೇರೆಬೇರೆಯಾಗಿ ಭಾಷಾಂತರ ಮಾಡುತ್ತಾರೆ. ಅವರಲ್ಲಿ ಒಬ್ಬರಿಗೆ ವೈದ್ಯವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿಲ್ಲದವರ ಕನ್ನಡವೇ ಎಷ್ಟೋ ಸಲ ಜನರ ಕನ್ನಡಕ್ಕೆ ಹತ್ತಿರವಾಗಿರುತ್ತದೆ. ಎರಡನ್ನೂ ಕೂಡಿಸಿ ಒಂದು ಪಾಠ ಸಿದ್ಧವಾದ ಮೇಲೆ, ಮೂಲವನ್ನು ನೋಡಿರದ ಇನ್ನಿಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ‘ಹೊಟ್ಟೆ ಉರಿ’ ಎಂದಿದ್ದದ್ದು ಇಂಗ್ಲಿಷಿನಲ್ಲಿ ‘ಅಸೂಯೆ’ಯಾಗಿ ಹಿಂದಿರುಗಿದರೆ ದೋಷ ಎಲ್ಲಿದೆಯೆಂದು ಆಗಲೇ ಸಿಕ್ಕಿಬೀಳುತ್ತದೆ. ಬಳಿಕ ಭಾಷಾಂತರಕಾರರೂ ವೈದ್ಯರೂ ಭಾಷೆ ಬಲ್ಲವರೂ ಸೇರಿದ ಸಮಿತಿ ಒಂದೊಂದು ಪ್ರಶ್ನೆಯನ್ನೂ ಚರ್ಚಿಸುತ್ತದೆ. ಕಡೆಗೆ 30ರಿಂದ 40 ರೋಗಿಗಳಿಗೆ ಅದನ್ನು ಕೊಟ್ಟು, ಉತ್ತರವನ್ನಷ್ಟೇ ಅಲ್ಲ, “ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ” ಎಂದು ಕೇಳುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಈ ಕಡೆಯ ಮೆಟ್ಟಿಲೇ ಮುಖ್ಯ. ಈ 30, 40 ಮಂದಿಯೂ ಒಂದೇ ಊರಿನ ಪದವೀಧರರಾದರೆ ಪ್ರಯೋಜನವಿಲ್ಲ. ಕಲಬುರಗಿಯ ಕೂಲಿ ಹೆಂಗಸೂ ಇರಬೇಕು, ಉಡುಪಿಯ ಅಡಿಗೆಯವನೂ ಇರಬೇಕು, ಮಂಡ್ಯದ ರೈತನೂ ಇರಬೇಕು, ಊರು ಬಿಟ್ಟು ಬಂದ ನಮ್ಮಂಥವರೂ ಇರಬೇಕು.

ತಕ್ಕಡಿಯ ಪರೀಕ್ಷೆ

ಭಾಷೆ ಸರಿಯಾದ ಮೇಲೂ ಕೆಲಸ ಮುಗಿಯಲಿಲ್ಲ. ಪ್ರಶ್ನಾವಳಿ ಎಂಬುದು ಒಂದು ತಕ್ಕಡಿ. ಹೊಸ ತಕ್ಕಡಿಯನ್ನು ಸರಕಾರದ ಮುದ್ರೆ ಬೀಳದೆ ಮಾರುಕಟ್ಟೆಯಲ್ಲಿ ಬಳಸುವಂತಿಲ್ಲ. ಈ ತಕ್ಕಡಿಗೂ ಅಂಥ ಪರೀಕ್ಷೆಯಿದೆ.

ಒಂದನೆಯದು, ಒಂದೇ ಮೂಟೆಯನ್ನು ಎರಡು ಸಲ ತೂಗಿದರೆ ಒಂದೇ ತೂಕ ತೋರಬೇಕು. ರೋಗಿಯ ಸ್ಥಿತಿ ಬದಲಾಗಿಲ್ಲದಿದ್ದರೆ ಒಂದೆರಡು ವಾರ ಬಿಟ್ಟು ಕೇಳಿದಾಗಲೂ ಅಂಕ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ಎರಡನೆಯದು, ಒಂದು ಗುಂಪಿನ ಪ್ರಶ್ನೆಗಳು ಒಂದೇ ವಿಷಯವನ್ನು ಹಿಡಿದಿರಬೇಕು. ಎದೆ ಉರಿಯ ಎಂಟು ಪ್ರಶ್ನೆಗಳಲ್ಲಿ ಏಳು ಒಂದು ದಿಕ್ಕಿಗೂ ಒಂದು ಮಾತ್ರ ಬೇರೆ ದಿಕ್ಕಿಗೂ ಓಡಿದರೆ ಆ ಒಂದರ ಭಾಷಾಂತರದಲ್ಲಿ ಏನೋ ಕೆಟ್ಟಿದೆ. ಇದನ್ನು ಲೆಕ್ಕ ಹಾಕಲು ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ‘ಆಲ್ಫಾ’ ಎಂಬ ಅಳತೆಯಿದೆ. ಸಾಮಾನ್ಯವಾಗಿ ಅದು 0.7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಒಪ್ಪಿಕೊಳ್ಳುತ್ತಾರೆ. ಬಟ್ಟೆ ಕೊಳೆಯಾಗುವ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ. ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದುದರಿಂದ ಆ ಒಂದು ಪ್ರಶ್ನೆಯ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿಯೂ ಎಲ್ಲಕ್ಕಿಂತ ಮರ್ಯಾದೆಯದಾಗಿಯೂ ಇರಬೇಕಾಗುತ್ತದೆ.

ಮೂರನೆಯ ಪರೀಕ್ಷೆ ಬೇರೆ ಬಗೆಯದು. ಪ್ರತಿ ಸಲವೂ ಒಂದು ಕಿಲೋ ಕಡಿಮೆ ತೋರಿಸುವ ತಕ್ಕಡಿ ಮೊದಲಿನ ಪರೀಕ್ಷೆಯಲ್ಲಿ ಗೆದ್ದುಬಿಡುತ್ತದೆ. ಎಷ್ಟು ಸಲ ತೂಗಿದರೂ ಅದು ಅದೇ ಸುಳ್ಳನ್ನು ಹೇಳುತ್ತದೆಯಲ್ಲವೇ? ಹಾಗೆಯೇ ನಾಚಿಕೆಯಿಂದ ಪ್ರತಿ ಸಲವೂ ‘ಇಲ್ಲ’ ಎನ್ನುವ ರೋಗಿಯ ಅಂಕ ಸ್ಥಿರವಾಗಿರುತ್ತದೆ, ನಿಜ ಮಾತ್ರ ಇರುವುದಿಲ್ಲ. ಇದನ್ನು ಹಿಡಿಯಲು ಅಂಕವನ್ನು ಬೇರೆ ಸಾಕ್ಷ್ಯದೊಡನೆ ಹೋಲಿಸಬೇಕು. ಡಾಕ್ಟರರ ಪರೀಕ್ಷೆಯಲ್ಲಿ ಕರುಳು ಹೆಚ್ಚು ಕೆಟ್ಟವರಿಗೆ ಅಂಕ ಹೆಚ್ಚು ಬಂತೇ? ತೂಕ ಇಳಿದವರ ಅಂಕ ಏನು? ಒಟ್ಟು ಜೀವನದ ಸ್ಥಿತಿಯನ್ನು ಕೇಳುವ ಇನ್ನೊಂದು ಪ್ರಶ್ನಾವಳಿಯೊಡನೆ ಇದು ಹೊಂದುತ್ತದೆಯೇ? ಇವೆಲ್ಲ ಒಪ್ಪಿದರೆ ಮಾತ್ರ ಆ ಕನ್ನಡ ರೂಪಕ್ಕೆ ಮುದ್ರೆ ಬಿತ್ತೆಂದು ತಿಳಿಯಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳಬಹುದು. ಹೊಸ ಔಷಧದ ಗುಣವನ್ನು ಅಳೆಯುವಾಗ ಇಂಥ ಅಂಕಗಳನ್ನೇ ನೋಡುತ್ತಾರೆ. ತನ್ನ ಭಾಷೆಯಲ್ಲಿ ನಂಬತಕ್ಕ ಪ್ರಶ್ನೆಗಳಿಲ್ಲದ ರೋಗಿ ಆ ಲೆಕ್ಕದ ಹೊರಗೆ ಉಳಿಯುತ್ತಾನೆ. ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದು: ಅಚ್ಚಾದ ಪ್ರಶ್ನೆಗೆ ಮುಖವಿಲ್ಲ. ಅಕ್ಕನ ಮಗನ ಎದುರಿಗೆ ಬಾಯಿ ಬಿಡದ ಹೆಂಗಸು ಕಾಗದದ ಮೇಲೆ ಗುರುತು ಹಾಕಬಲ್ಲಳು. ತನ್ನ ತೊಂದರೆ ಅಚ್ಚಿನಲ್ಲಿರುವುದನ್ನು ಕಂಡಾಗ, ಇದು ತನ್ನೊಬ್ಬಳದಲ್ಲ, ಎಷ್ಟೋ ಜನಕ್ಕೆ ಇದೆ ಎಂಬ ತಿಳಿವಳಿಕೆಯೂ ಆಕೆಗೆ ಬರುತ್ತದೆ.

ಬಾಂಧವರಿಗೆ ಕೆಲವು ಸೂಚನೆಗಳು

ಪ್ರಶ್ನಾವಳಿ ಇರಲಿ ಇಲ್ಲದಿರಲಿ, ದುಭಾಷಿಯಾಗಿ ಹೋಗುವವರು ಕೆಲವು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ಹೆಂಗಸರ ಜೊತೆಗೆ ಸಾಧ್ಯವಾದಷ್ಟು ಹೆಂಗಸರೇ ಹೋಗಲಿ. ಅದು ಆಗದಿದ್ದರೆ ದಾದಿಯೊಬ್ಬರನ್ನು ಕರೆದು ನಾವು ಸ್ವಲ್ಪ ಹೊರಗೆ ನಿಲ್ಲುವುದು ಲೇಸು. ಡಾಕ್ಟರರು ಕೇಳಿದ್ದನ್ನು ಇದ್ದ ಹಾಗೆಯೇ ಕೇಳಬೇಕು, ರೋಗಿ ಹೇಳಿದ್ದನ್ನು ಇದ್ದ ಹಾಗೆಯೇ ಹೇಳಬೇಕು. “ಅವರಿಗೆ ಅಂಥಾದ್ದೇನೂ ಇಲ್ಲ ಸಾಹೇಬರೇ” ಎಂದು ನಾವೇ ತೀರ್ಪು ಕೊಡಬಾರದು. ಮನೆಯಿಂದ ಹೊರಡುವ ಮುಂಚೆ ಏಳು ದಿನದ ತೊಂದರೆಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದಿಟ್ಟುಕೊಂಡರೆ ಬಹಳ ಅನುಕೂಲ. ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ಮಲ ಕರಿಟಾರಿನಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಪ್ರಶ್ನಾವಳಿಗಾಗಿ ಕಾಯದೆ ಕೂಡಲೇ ಡಾಕ್ಟರರನ್ನು ಕಾಣಬೇಕು. ಪ್ರಶ್ನಾವಳಿ ಕಷ್ಟವನ್ನು ಅಳೆಯುತ್ತದೆಯೇ ಹೊರತು ರೋಗ ಯಾವುದೆಂದು ಹೇಳುವುದಿಲ್ಲ.

ಎಂದಾದರೂ ಆಸ್ಪತ್ರೆಯಲ್ಲಿ ಕನ್ನಡದ ಪ್ರಶ್ನೆಗಳ ಕಾಗದವನ್ನು ಕೈಗಿತ್ತು “ಇದು ಅರ್ಥವಾಗುತ್ತದೆಯೇ?” ಎಂದು ಯಾರಾದರೂ ಕೇಳಿದರೆ, ಮರ್ಯಾದೆಗೆಂದು ತಲೆಯಾಡಿಸಬೇಡಿ. ಅರ್ಥವಾಗದ ಮಾತಿನ ಮೇಲೆ ಬೆರಳಿಟ್ಟು ತೋರಿಸಿ. ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಹೇಳಿ. ಓದು ಬರಹ ಕಡಿಮೆ ಎಂದು ಹಿಂಜರಿಯುವ ಕಾರಣವಿಲ್ಲ. ಅಂಥ ಸಮಯದಲ್ಲಿ ಪರೀಕ್ಷೆಗೆ ಕುಳಿತಿರುವುದು ನೀವಲ್ಲ, ಆ ಪ್ರಶ್ನೆ. ನೀವು ಕೊಟ್ಟ ಒಂದು ಸರಿಯಾದ ಮಾತಿನಿಂದ ಮುಂದೆ ಬರುವ ನೂರು ಜನ ತಮ್ಮ ಸಂಕಟವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವಂತಾದೀತು.